ತ್ರಿತ್ವದ ಒರತೆಯ ಬಳಿಯ ಪಾಳುಗೋಡೆಗಳು



ಯಕೋಬನ ಬಾವಿಯ ಬಳಿ ದಣಿದು ಕುಳಿತಿದ್ದ ಪ್ರಭು ಯೇಸುವನ್ನು ಸಮಾರ್ಯದ ಹೆಂಗಸು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು. ದೇವರನ್ನು ಆರಾಧಿಸಬೇಕಾದದ್ದು ಎಲ್ಲಿ? ನಮ್ಮ ಹಿರಿಯರ ಬೆಟ್ಟದ ಮೇಲೋ, ನಿಮ್ಮ ಜೆರುಸಲೇಮಿನಲ್ಲೋ? ನೀರು ಸೇದಲು ಬಂದವಳ ಬಾಯಲ್ಲಿ ಇಷ್ಟು ದೊಡ್ಡ ಪ್ರಶ್ನೆ! ಪ್ರಭು ಆಕೆಯನ್ನು ಗದರಿಸಲಿಲ್ಲ, ಜಾಗದ ಮಾತು ನಿನಗೇಕೆ ಎನ್ನಲಿಲ್ಲ. ಬೆಟ್ಟವನ್ನೂ ಪಟ್ಟಣವನ್ನೂ ದಾಟಿದ ಆರಾಧನೆಯೊಂದರ ಕಡೆಗೆ ಆಕೆಯ ಕಣ್ಣು ತೆರೆಸಿದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಾರ ನನ್ನೊಡನೆ ದೂರದ ಇನ್ನೊಂದು ನೀರಿನ ಬಳಿಗೆ ಬನ್ನಿ.

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ದೇಶ. ಅದರ ದಕ್ಷಿಣ ಕರಾವಳಿಯಲ್ಲಿ ಸ್ವಾನ್ಸಿ ಎಂಬ ಪಟ್ಟಣ. ಪಟ್ಟಣದಿಂದ ಪಶ್ಚಿಮಕ್ಕೆ ಸಮುದ್ರದೊಳಗೆ ಚಾಚಿಕೊಂಡ ನೆಲದ ತುಂಡಿಗೆ ಗವರ್ ಎಂದು ಹೆಸರು. ಬ್ರಿಟನ್ನಿನಲ್ಲಿ ವಿಶೇಷ ಪ್ರಕೃತಿ ಸೌಂದರ್ಯದ ಪ್ರದೇಶವೆಂದು ಸರಕಾರ ಮೊಟ್ಟಮೊದಲು, 1956ರಲ್ಲಿ, ಘೋಷಿಸಿದ್ದು ಇದನ್ನೇ. ಅಲ್ಲಿ ಇಲ್‌ಸ್ಟನ್ ಎಂಬ ಪುಟ್ಟ ಊರು. ಊರಿನಲ್ಲಿ ಸಂತ ಇಲ್ಟಿಡರ ಹೆಸರಿನ ಹಳೆಯ ದೇವಾಲಯವಿದೆ. ಅಲ್ಲಿಂದ ಒಂದು ಹಳ್ಳ ಸುಣ್ಣಕಲ್ಲಿನ ಕಣಿವೆಯಲ್ಲಿ, ಮರಗಳ ನೆರಳಿನಲ್ಲಿ, ಪಾರ್ಕ್‌ಮಿಲ್ ಕಡೆಗೆ ಇಳಿದು ಕೊನೆಗೆ ಕಡಲನ್ನು ಸೇರುತ್ತದೆ. ವಸಂತಕಾಲದಲ್ಲಿ ಕಣಿವೆಯ ತುಂಬ ಕಾಡುಬೆಳ್ಳುಳ್ಳಿಯ ಬಿಳಿ ಹೂವು. ಹಳ್ಳದ ಪಕ್ಕದ ಕಾಲುದಾರಿಯಲ್ಲಿ ನಡೆದರೆ ಮರಗಳ ನಡುವೆ ತಗ್ಗಾದ ಕಲ್ಲುಗೋಡೆಗಳು ಸಿಗುತ್ತವೆ. ಸೂರಿಲ್ಲ, ಬಾಗಿಲಿಲ್ಲ. ಒಂದು ಸ್ಮಾರಕ ಫಲಕವಿಲ್ಲದಿದ್ದರೆ ಹಳೆಯ ದನದ ಕೊಟ್ಟಿಗೆಯೇನೋ ಎಂದುಕೊಂಡು ಮುಂದೆ ಹೋಗುವಂಥ ಜಾಗ.

ಆ ಫಲಕ ಹೇಳುವುದು ಇಷ್ಟು: ವೇಲ್ಸ್ ದೇಶದ ಮೊಟ್ಟಮೊದಲ ಬ್ಯಾಪ್ಟಿಸ್ಟ್ ಸಭೆ 1649ರಲ್ಲಿ ಹುಟ್ಟಿದ್ದು ಈ ಕಣಿವೆಯಲ್ಲಿ. ಅವರು ಕೂಡುತ್ತಿದ್ದದ್ದು ಈ ಗೋಡೆಗಳ ನಡುವೆ ಎಂಬುದು ಪರಂಪರೆಯ ಮಾತು. ಫಲಕದಲ್ಲಿ ಇನ್ನೂ ಒಂದು ಮಾತಿದೆ. ಕಥೋಲಿಕರಾದ ನಾವು ಅಲ್ಲಿಯೇ ಸ್ವಲ್ಪ ನಿಲ್ಲಬೇಕು. ಬ್ಯಾಪ್ಟಿಸ್ಟರು ಬರುವ ಮೊದಲು, ಮತಸುಧಾರಣೆಯ ಗದ್ದಲಕ್ಕೂ ಹಿಂದೆ, ಇದು ತ್ರಿತ್ವದ ಒರತೆಯ ಪ್ರಾರ್ಥನಾಲಯವಾಗಿತ್ತು. ಅಂದರೆ ನಮ್ಮದಾಗಿತ್ತು.

ಒರತೆಯ ಬಳಿ ಪ್ರಾರ್ಥನಾಲಯ ಕಟ್ಟುವುದು ವೇಲ್ಸಿನ ಹಳೆಯ ಕ್ರೈಸ್ತರ ವಾಡಿಕೆ. ಸಂತರ ಹೆಸರಿನ, ಮರಿಯಮ್ಮನವರ ಹೆಸರಿನ, ತ್ರೈಕ್ಯ ದೇವರ ಹೆಸರಿನ ಬುಗ್ಗೆಗಳು ಆ ನಾಡಿನ ಉದ್ದಗಲಕ್ಕೂ ಇವೆ. ರೋಗಿಗಳು ಬಂದು ಆ ನೀರು ಕುಡಿಯುತ್ತಿದ್ದರು, ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು, ಹರಕೆ ಸಲ್ಲಿಸುತ್ತಿದ್ದರು. ವೇಳಾಂಕಣಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನಾರನೆಯ ಶತಮಾನದಲ್ಲಿ ಅರಸ ಎಂಟನೆಯ ಹೆನ್ರಿ ರೋಮಿನ ಸಂಬಂಧವನ್ನು ಕಡಿದುಕೊಂಡ ಮೇಲೆ ಈ ಭಕ್ತಿಯ ಮೇಲೆ ಕೊಡಲಿ ಬಿತ್ತು. ರೋಂಡಾ ಕಣಿವೆಯ ಪೆನ್ರಿಸ್ ಎಂಬಲ್ಲಿ ಮರಿಯಮ್ಮನವರ ಪ್ರಸಿದ್ಧ ಪ್ರತಿಮೆಯಿತ್ತು. 1538ರಲ್ಲಿ ಅದನ್ನು ಲಂಡನ್ನಿಗೆ ಒಯ್ದು ಸುಟ್ಟರು. ಉತ್ತರದ ಹೋಲಿವೆಲ್ ಊರಿನ ಸಂತ ವಿನಿಫ್ರೆಡಳ ಬುಗ್ಗೆಗೆ ಮಾತ್ರ ಯಾತ್ರಿಕರು ಕದ್ದುಮುಚ್ಚಿಯಾದರೂ ಹೋಗುತ್ತಲೇ ಇದ್ದರು. ಇಂದಿಗೂ ಹೋಗುತ್ತಾರೆ. ಇಲ್‌ಸ್ಟನ್ನಿನ ಒರತೆಗೆ ಆ ಭಾಗ್ಯ ಬರಲಿಲ್ಲ. ಬಲಿಪೂಜೆ ನಿಂತಿತು. ಗೋಡೆಗಳು ಉಳಿದವು.

ಆ ಗೋಡೆಗಳ ಕಥೆಯೊಳಗೆ ಬಂದ ವ್ಯಕ್ತಿ ಜಾನ್ ಮೈಲ್ಸ್. 1621ರ ಸುಮಾರಿಗೆ ವೇಲ್ಸಿನ ಗಡಿಯಲ್ಲಿರುವ ಹೆರ್‌ಫರ್ಡ್ ಸೀಮೆಯಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದವರು. ಆಗಿನ ಕಾಲ ಎಂಥದ್ದೆಂದು ನೆನೆಯಿರಿ. 1649ರ ಜನವರಿಯಲ್ಲಿ ಇಂಗ್ಲೆಂಡಿನ ಅರಸ ಚಾರ್ಲ್ಸನ ತಲೆಯನ್ನು ಪ್ರಜೆಗಳೇ ಕಡಿಸಿದ್ದರು. ಅರಸನಿಲ್ಲ, ಬಿಷಪರಿಲ್ಲ, ಯಾರು ಬೇಕಾದರೂ ಎದ್ದು ನಿಂತು ಬೋಧಿಸಬಹುದು ಎಂಬ ಸ್ಥಿತಿ. ಅದೇ ವರ್ಷ ಮೈಲ್ಸ್ ಮತ್ತು ಥಾಮಸ್ ಪ್ರೌಡ್ ಎಂಬ ಗೆಳೆಯ ಲಂಡನ್ನಿಗೆ ಹೋಗಿ ಅಲ್ಲಿನ ಒಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ ಸ್ನಾನ ಪಡೆದರು. ವೇಲ್ಸಿಗೆ ಸೇವಕರನ್ನು ಕಳುಹಿಸಪ್ಪಾ ಎಂದು ಆ ಸಭೆಯವರು ಬೇಡುತ್ತಿದ್ದಾಗಲೇ ಇವರಿಬ್ಬರು ಬಾಗಿಲಲ್ಲಿ ನಿಂತಿದ್ದರೆಂದು ಬ್ಯಾಪ್ಟಿಸ್ಟರು ಹೇಳಿಕೊಂಡು ಬಂದಿದ್ದಾರೆ. ಆ ವರ್ಷ ಮುಗಿಯುವುದರೊಳಗೆ ಗವರಿನಲ್ಲಿ ಸಭೆ ಕಟ್ಟಿಯಾಗಿತ್ತು.

ಬ್ಯಾಪ್ಟಿಸ್ಟ್ ಎಂದರೆ ಸ್ನಾನಿಕ ಯೊವಾನ್ನರ ಅನುಯಾಯಿಗಳೆಂದು ನಮ್ಮಲ್ಲಿ ಕೆಲವರು ತಿಳಿಯುವುದುಂಟು. ಹಾಗಲ್ಲ. ಸೆರಾಂಪುರದ ವಿಲಿಯಂ ಕೇರಿಯವರ ಹೆಸರು ಕೇಳಿದ್ದೀರಲ್ಲ, ಅವರು ಈ ಸಭೆಯವರು. ನಮ್ಮ ನಾಗಾಲ್ಯಾಂಡಿನ ಕ್ರೈಸ್ತರಲ್ಲಿ ಹೆಚ್ಚಿನವರೂ ಇವರೇ. ಬುದ್ಧಿ ಬಲಿತು, ತಾನೇ ಬಾಯಿಬಿಟ್ಟು ವಿಶ್ವಾಸವನ್ನು ಅರಿಕೆ ಮಾಡಿದವನಿಗೆ ಮಾತ್ರ ಸ್ನಾನ ಕೊಡಬೇಕು, ಅದೂ ಪೂರ್ತಿ ನೀರಿನಲ್ಲಿ ಮುಳುಗಿಸಿ ಕೊಡಬೇಕು ಎಂಬುದು ಅವರ ನಿಲುವು. ಎಳೆಯ ಮಗುವಿಗೆ ಕೊಟ್ಟ ಸ್ನಾನವನ್ನು ಅವರು ಸ್ನಾನವೆಂದು ಒಪ್ಪುವುದಿಲ್ಲ. ಧರ್ಮಸಭೆ ಮೊದಲ ಶತಮಾನಗಳಿಂದ ಶಿಶುಗಳಿಗೆ ಜ್ಞಾನಸ್ನಾನ ಕೊಡುತ್ತಾ ಬಂದಿದೆ, ಈ ವಿಷಯದಲ್ಲಿ ನಮಗೂ ಅವರಿಗೂ ರಾಜಿಯಿಲ್ಲ. ಆದರೆ ಅವರ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಬೇಡ. ಅದಕ್ಕೆ ಮತ್ತೆ ಬರುತ್ತೇನೆ.

ಇಲ್‌ಸ್ಟನ್ ಸಭೆ ಬೇಗ ಬೆಳೆಯಿತು. ಹೇ, ಲ್ಯಾನ್‌ಹರನ್, ಕಾರ್ಮಾರ್ಥನ್, ಅಬರ್‌ಗವೆನಿ ಎಂಬ ಊರುಗಳಲ್ಲಿ 1652ರ ಹೊತ್ತಿಗೆ ತಂಗಿ ಸಭೆಗಳು ಹುಟ್ಟಿದವು. ಸದಸ್ಯರ ಹೆಸರುಗಳನ್ನೂ ಸಭೆಗಳ ನಡುವೆ ಓಡಾಡಿದ ಪತ್ರಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರು. 'ಇಲ್‌ಸ್ಟನ್ ಪುಸ್ತಕ' ಎಂದೇ ಅದು ಪ್ರಸಿದ್ಧ. 1660ರವರೆಗೆ ಅದರಲ್ಲಿ ಏರಿದ ಹೆಸರುಗಳು ಸುಮಾರು 260. ಸಂಖ್ಯೆ ನಮಗೆ ಸಣ್ಣದೆನಿಸಬಹುದು. ನಮ್ಮ ಸಾಧಾರಣ ಧರ್ಮಕೇಂದ್ರದ ಭಾನುವಾರದ ಮೊದಲ ಬಲಿಪೂಜೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಆದರೆ ಅವರು ಒಂದೇ ಊರಿನವರಲ್ಲ. ಸುತ್ತಲಿನ ಎಷ್ಟೋ ಊರುಗಳಲ್ಲಿ ಚದುರಿದ್ದ ರೈತರು, ಕಸುಬಿನವರು, ಹೆಂಗಸರು. ಮಳೆ ಸುರಿಯುವ ನಾಡಿನಲ್ಲಿ, ಕೆಸರಿನ ದಾರಿಯಲ್ಲಿ ನಡೆದೇ ಬರಬೇಕಾದವರು. ತಾವಿರುವುದು ನಾಡಿನ ಒಂದು ಕತ್ತಲ ಮೂಲೆ, ಅದನ್ನೂ ದೇವರು ಬಿಡದೆ ಹುಡುಕಿ ಬಂದರು ಎಂಬ ಬೆರಗು ಆ ಪುಸ್ತಕದಲ್ಲಿದೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಸತ್ಯ ಅರ್ಧವಾಗುತ್ತದೆ. 1650ರಲ್ಲಿ ಲಂಡನ್ನಿನ ಪಾರ್ಲಿಮೆಂಟು ವೇಲ್ಸಿನಲ್ಲಿ ಶುಭಸಂದೇಶ ಸಾರುವುದಕ್ಕೆಂದು ಒಂದು ಕಾಯಿದೆ ಮಾಡಿತು. ಹೆಸರು ಕೇಳಲು ಇಂಪಾಗಿದೆ. ಆ ಕಾಯಿದೆಯ ಕೆಳಗೆ 278 ಮಂದಿ ಆಂಗ್ಲಿಕನ್ ಪಾದ್ರಿಗಳು ತಮ್ಮ ಸ್ಥಾನ ಕಳೆದುಕೊಂಡರು. ಅವರಲ್ಲಿ ಅಯೋಗ್ಯರೂ ಇದ್ದಿರಬೇಕು, ಹೆಂಡತಿ ಮಕ್ಕಳೊಡನೆ ಬೀದಿಗೆ ಬಿದ್ದ ಸಜ್ಜನರೂ ಇದ್ದಿರಬೇಕು. ಅವರ ಜಾಗಕ್ಕೆ ಯಾರು ಯೋಗ್ಯರೆಂದು ಪರೀಕ್ಷಿಸಿ ಒಪ್ಪುವವರ ಪಟ್ಟಿಯಲ್ಲಿ ಜಾನ್ ಮೈಲ್ಸರ ಹೆಸರಿತ್ತು. ಇಲ್‌ಸ್ಟನ್ನಿನ ಧರ್ಮಕೇಂದ್ರವೇ ಅವರ ಕೈಸೇರಿತು. ವಿಶ್ವಾಸದ ವಿಷಯದಲ್ಲಿ ರಾಜ್ಯಾಧಿಕಾರ ತಲೆಹಾಕಬಾರದೆಂದು ಸಾರುವ ಸಭೆಯವರು ರಾಜ್ಯಾಧಿಕಾರ ತಮ್ಮ ಕಡೆಗಿದ್ದಾಗ ಅದು ಕೊಟ್ಟದ್ದನ್ನು ಬೇಡವೆನ್ನಲಿಲ್ಲ. ಕಲ್ಲೆಸೆಯಲು ನಮಗೂ ಕೈ ಬಾರದು. ಆ ತಪ್ಪನ್ನು ನಮ್ಮ ಹಿರಿಯರು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದವರು. ಅದೇ ಇಂಗ್ಲೆಂಡಿನಲ್ಲಿ ಕಥೋಲಿಕ ರಾಣಿ ಮೇರಿಯ ಐದು ವರ್ಷಗಳ ಆಳ್ವಿಕೆಯಲ್ಲಿ ಸುಮಾರು 280 ಮಂದಿ ಪ್ರೊಟೆಸ್ಟೆಂಟರನ್ನು ಜೀವಂತ ಸುಡಲಾಯಿತು.

1660ರಲ್ಲಿ ಅರಸೊತ್ತಿಗೆ ಮರಳಿ ಬಂತು. ಹೊರಗೆ ಹಾಕಿದವರು ಒಳಗೆ ಬಂದರು, ಒಳಗಿದ್ದ ಮೈಲ್ಸ್ ಹೊರಗೆ ಬಿದ್ದರು. 1662ರಲ್ಲಿ ಎಲ್ಲ ಬೋಧಕರೂ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕಕ್ಕೆ ಒಪ್ಪಿಗೆ ಕೊಡಬೇಕೆಂಬ ಕಾನೂನು, 1664ರಲ್ಲಿ ಗುಂಪು ಪ್ರಾರ್ಥನೆಗಳ ಮೇಲೆ ನಿಷೇಧ. ಆ ಎರಡನೆಯ ಕಾನೂನಿನ ವಿವರ ಈ ಪುಟದ ಓದುಗರಿಗೆ, ಅದರಲ್ಲೂ ಮನೆ ನಡೆಸುವ ತಾಯಂದಿರಿಗೆ, ಕುತೂಹಲ ಹುಟ್ಟಿಸೀತು. ಮನೆಯವರನ್ನು ಬಿಟ್ಟು ಹೊರಗಿನವರು ಐದು ಮಂದಿ ಸೇರಿ ಆರಾಧನೆ ನಡೆಸಿದರೆ ದಂಡ ಇಲ್ಲವೇ ಸೆರೆ. ಅಂದರೆ ನಾಲ್ಕು ಜನ ನೆರೆಯವರು ಬರಬಹುದು, ಐದನೆಯವನು ಬಾಗಿಲು ದಾಟಿದರೆ ಅಪರಾಧ! ಆದರೆ ಮನೆಯವರನ್ನು ಲೆಕ್ಕ ಹಾಕಲಿಲ್ಲ ನೋಡಿ. ಗಂಡ ಹೆಂಡತಿ ಮಕ್ಕಳು ಆಳುಕಾಳು ಒಟ್ಟಾಗಿ ಮೊಣಕಾಲೂರುವುದನ್ನು ತಡೆಯುವ ಧೈರ್ಯ ಆ ಕಾನೂನಿಗೂ ಬರಲಿಲ್ಲ. ಕಣಿವೆಯ ಪ್ರಾರ್ಥನಾಲಯ ಬರಿದಾಯಿತು. ಊರಿನಲ್ಲಿ ಉಳಿದ ಬ್ಯಾಪ್ಟಿಸ್ಟರ ವಿಶ್ವಾಸ ಅಡುಗೆಮನೆಯ ಬೆಂಕಿಯ ಸುತ್ತ ಬದುಕಿಕೊಂಡಿತು. 1689ರಲ್ಲಿ ಸಹಿಷ್ಣುತೆಯ ಕಾಯಿದೆ ಬರುವವರೆಗೆ ಅವರದು ಅದೇ ಪಾಡು.

ಅದೇ ವರ್ಷಗಳಲ್ಲಿ ಅದೇ ಕರಾವಳಿಯಲ್ಲಿ ನಮ್ಮವರು ಹೇಗಿದ್ದರು? ಸ್ವಾನ್ಸಿಯಿಂದ ಪೂರ್ವಕ್ಕೆ ಸಮುದ್ರದ ದಂಡೆಯಲ್ಲಿ ಸ್ಕೆರ್ ಎಂಬ ದೊಡ್ಡ ಮನೆ. ಟರ್ಬರ್‌ವಿಲ್ ಎಂಬ ಕಥೋಲಿಕ ಮನೆತನದವರದು. ಗುರುಗಳು ಆ ನಾಡಿಗೆ ಕಾಲಿಡುವುದೇ ರಾಜದ್ರೋಹವಾಗಿದ್ದ ಕಾಲದಲ್ಲಿ ಅವರು ಯೇಸುಸಭೆಯ ಫಿಲಿಪ್ ಇವಾನ್ಸ್ ಎಂಬ ತರುಣ ಗುರುಗಳಿಗೆ ಆಶ್ರಯ ಕೊಟ್ಟಿದ್ದರು. ಟೈಟಸ್ ಓಟ್ಸ್ ಎಂಬಾತ ಕಥೋಲಿಕರು ಅರಸನನ್ನು ಕೊಲ್ಲಲು ಸಂಚು ಮಾಡಿದ್ದಾರೆಂಬ ಶುದ್ಧ ಸುಳ್ಳು ಕಟ್ಟಿ ದೇಶಕ್ಕೆ ಹುಚ್ಚು ಹಿಡಿಸಿದ ಸಮಯ. 1678ರ ಡಿಸೆಂಬರಿನಲ್ಲಿ ಇವಾನ್ಸರನ್ನು ಆ ಮನೆಯಲ್ಲಿ ಹಿಡಿದರು. ಸಂಚಿನ ಆರೋಪವನ್ನು ಸಾಬೀತು ಮಾಡಲಾಗಲಿಲ್ಲ, ಗುರುವಾಗಿರುವುದೇ ಅಪರಾಧವಾಯಿತು. ಮರಣದಂಡನೆಯ ದಿನ ನಿಶ್ಚಯವಾಯಿತೆಂಬ ಸುದ್ದಿ ಬಂದಾಗ ಅವರು ಟೆನಿಸ್ ಆಡುತ್ತಿದ್ದರಂತೆ, ಆಟ ಮುಗಿಸಿಯೇ ಸೆರೆಮನೆಗೆ ಮರಳಿದರಂತೆ. ಹಾರ್ಪ್ ವಾದ್ಯವನ್ನೂ ನುಡಿಸುತ್ತಿದ್ದರಂತೆ. 1679ರ ಜುಲೈ 22ರಂದು ಕಾರ್ಡಿಫ್ ನಗರದಲ್ಲಿ ಅವರನ್ನೂ ಜಾನ್ ಲಾಯ್ಡ್ ಎಂಬ ಇನ್ನೊಬ್ಬ ಗುರುಗಳನ್ನೂ ಗಲ್ಲಿಗೇರಿಸಿದರು. ಮರುತಿಂಗಳು ಅಸ್ಕ್ ಎಂಬ ಊರಿನಲ್ಲಿ ಡೇವಿಡ್ ಲೂಯಿಸ್ ಗುರುಗಳ ಸರದಿ. 1970ರ ಅಕ್ಟೋಬರ್ 25ರಂದು ಪೋಪ್ ಆರನೆಯ ಪೌಲರು ಸಂತ ಪದವಿಗೇರಿಸಿದ ಇಂಗ್ಲೆಂಡ್ ಮತ್ತು ವೇಲ್ಸಿನ ನಲವತ್ತು ರಕ್ತಸಾಕ್ಷಿಗಳಲ್ಲಿ ಈ ಮೂವರೂ ಇದ್ದಾರೆ.

ನೋಡಿದಿರಾ? ಒಂದೇ ಸೀಮೆ, ಒಂದೇ ಅರಸ. ಒಂದು ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಬಲಿಪೂಜೆ, ಇನ್ನೊಂದು ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಬ್ಯಾಪ್ಟಿಸ್ಟರ ಪ್ರಾರ್ಥನೆ. ಇಬ್ಬರೂ ಹೆದರಿದ್ದು ಅದೇ ಪೇದೆಯ ಹೆಜ್ಜೆಯ ಸದ್ದಿಗೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗಾಗದು.

ಮೈಲ್ಸ್ ಮಾತ್ರ ಊರಿನಲ್ಲಿ ಉಳಿಯಲಿಲ್ಲ. 1663ರ ಸುಮಾರಿಗೆ ಕೆಲವರನ್ನು ಕಟ್ಟಿಕೊಂಡು ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ಪ್ಲಿಮತ್ ವಸಾಹತಿಗೆ ಹೋದರು. ಇಲ್‌ಸ್ಟನ್ ಪುಸ್ತಕವನ್ನೂ ಒಯ್ದರು. ರೆಹೊಬೋತ್ ಎಂಬಲ್ಲಿ ಏಳು ಮಂದಿ ಸೇರಿ ಹೊಸ ಸಭೆಯ ಒಡಂಬಡಿಕೆಗೆ ಸಹಿ ಹಾಕಿದರು. ಅಲ್ಲಿಯೂ ನೆಮ್ಮದಿಯಿಲ್ಲ. ಆ ವಸಾಹತು ಕಟ್ಟಿದವರು ಇಂಗ್ಲೆಂಡಿನಲ್ಲಿ ಹಿಂಸೆ ತಾಳಲಾರದೆ ಓಡಿಬಂದವರೇ, ಆದರೂ 1667ರಲ್ಲಿ ಅವರ ನ್ಯಾಯಾಲಯ ಅಪ್ಪಣೆಯಿಲ್ಲದೆ ಸಭೆ ನಡೆಸಿದ್ದಕ್ಕಾಗಿ ಮೈಲ್ಸರಿಗೆ ಐದು ಪೌಂಡ್ ದಂಡ ಹಾಕಿ, ಬೇರೆ ಕಡೆ ಹೋಗಿರೆಂದಿತು. ಅದೇ ವರ್ಷ ದೂರದಲ್ಲಿ ಊರು ಕಟ್ಟಿಕೊಳ್ಳಲು ಜಾಗವನ್ನೂ ಕೊಟ್ಟಿತು. ಬಿಟ್ಟುಬಂದ ಪಟ್ಟಣದ ನೆನಪಿಗೆ ಅದಕ್ಕೆ ಸ್ವಾನ್ಸಿ ಎಂದೇ ಹೆಸರಿಟ್ಟರು. ಇಂದಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆ ಊರು ಈಗಲೂ ಇದೆ.

ಹೊಸ ಊರಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ಮಾತು ಬಂತು. ವೇಲ್ಸಿನಲ್ಲಿದ್ದಾಗ ಬಿಗಿಯಾಗಿದ್ದ ಮೈಲ್ಸ್ ಇಲ್ಲಿ ಮೃದುವಾಗಿದ್ದರು. ಶಿಶುಗಳಿಗೆ ಸ್ನಾನ ಕೊಡಿಸುವವರೊಡನೆಯೂ ಸಹಬಾಳ್ವೆ ನಡೆಸಬಹುದೆಂದು ಅವರ ಸಭೆ ಒಪ್ಪಿತು. ಪೆಟ್ಟು ತಿಂದವರು ಕಲಿತ ಪಾಠವೆಂದು ನಾವು ಮೆಚ್ಚಿಕೊಳ್ಳುವಷ್ಟರಲ್ಲಿ ಸಭೆಯ ಅದೇ ಬರಹದಲ್ಲಿ ಸೇರಿಸಬಾರದವರ ಪಟ್ಟಿ ಕಣ್ಣಿಗೆ ಬೀಳುತ್ತದೆ. ತ್ರಿತ್ವವನ್ನು ನಿರಾಕರಿಸುವವರು, ಪ್ರಭುವಿನ ದೈವತ್ವವನ್ನು ನಿರಾಕರಿಸುವವರು, ಮತ್ತು ರೊಟ್ಟಿ ದ್ರಾಕ್ಷಾರಸಗಳು ಪ್ರಭುವಿನ ಶರೀರ ರಕ್ತಗಳಾಗಿ ಮಾರ್ಪಡುತ್ತವೆಂದು ನಂಬುವವರು. ಅಂದರೆ ನೀವು ಮತ್ತು ನಾನು. ತ್ರಿತ್ವದ ಒರತೆಯ ಪ್ರಾರ್ಥನಾಲಯವನ್ನು ಕಟ್ಟಿದ ಜನಕ್ಕೆ, ಅಲ್ಲಿ ಸಭೆ ಕೂಡಿದ್ದರೆನ್ನುವ ಜನರ ಊರಿನಲ್ಲಿ ಜಾಗವಿರಲಿಲ್ಲ. ಈ ಪಟ್ಟಿ ಓದಿ ನೊಂದುಕೊಳ್ಳುವ ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ಮಗಳು ಬೇರೆ ಸಭೆಯ ಕ್ರೈಸ್ತ ಹುಡುಗನನ್ನು ಮೆಚ್ಚಿದಾಗ, ಪಕ್ಕದ ಮನೆಯ ಪ್ರೊಟೆಸ್ಟೆಂಟ್ ಅಜ್ಜಿ ನಿಮ್ಮ ಜಪಮಾಲೆಯ ಹೊತ್ತಿಗೆ ಬಂದು ಮೂಲೆಯಲ್ಲಿ ಕುಳಿತಾಗ, ನಿಮ್ಮ ಮನಸ್ಸಿನ ಪಟ್ಟಿಯಲ್ಲಿ ಯಾರ ಯಾರ ಹೆಸರಿತ್ತು?

ಅದೂ ಅಲ್ಲದೆ, ಆ ಜಾಗ ಖಾಲಿ ಇದ್ದದ್ದಲ್ಲ. ಅದು ವಾಂಪನೋಗ್ ಎಂಬ ಮೂಲನಿವಾಸಿಗಳ ನೆಲ. ವಸಾಹತಿನವರು ಒತ್ತುತ್ತಾ ಒತ್ತುತ್ತಾ ಬಂದಾಗ ಅವರ ನಾಯಕ ಮೆಟಕಾಮ್ ತಿರುಗಿಬಿದ್ದ. 1675ರ ಜೂನ್‌ನಲ್ಲಿ ಯುದ್ಧದ ಮೊದಲ ಪೆಟ್ಟು ಬಿದ್ದದ್ದು ಈ ಸ್ವಾನ್ಸಿಯ ಮೇಲೆಯೇ. ಮೈಲ್ಸರ ಮನೆ ಸೈನಿಕರ ಠಾಣೆಯಾಯಿತು, ಊರಿನ ಮನೆಗಳು ಉರಿದವು. ಮೈಲ್ಸ್ ಕೆಲವು ವರ್ಷ ಬೋಸ್ಟನ್ ನಗರದಲ್ಲಿದ್ದು ಮತ್ತೆ ಬಂದು 1683ರಲ್ಲಿ ತೀರಿಕೊಂಡರು. ಸಂತನೂ ಅಲ್ಲ, ದುಷ್ಟನೂ ಅಲ್ಲ. ಪ್ರಭುವನ್ನು ನಿಜವಾಗಿ ಪ್ರೀತಿಸಿದ, ತನ್ನ ಕಾಲದ ಕುರುಡನ್ನೂ ಹೊತ್ತುಕೊಂಡಿದ್ದ ಮನುಷ್ಯ ಎಂದು ನನಗೆ ತೋರುತ್ತದೆ.

ಈಗ ಆ ಸ್ನಾನದ ಪ್ರಶ್ನೆಗೆ ಬರೋಣ. ಮಗುವಿಗೆ ವಿಶ್ವಾಸ ಎಲ್ಲಿಂದ ಬರಬೇಕು ಎಂದು ಬ್ಯಾಪ್ಟಿಸ್ಟರು ಕೇಳುತ್ತಾರೆ. ಧರ್ಮಸಭೆಯ ವಿಶ್ವಾಸದಿಂದ, ಆ ವಿಶ್ವಾಸವನ್ನು ಮನೆಯಲ್ಲಿ ಬದುಕುವ ತಂದೆತಾಯಿಯಿಂದ ಎಂಬುದು ನಮ್ಮ ಉತ್ತರ. ಮಗು ಹಾಲನ್ನು ಕೇಳಿ ಕುಡಿಯುವುದಿಲ್ಲ, ಮಾತೃಭಾಷೆಯನ್ನು ಆರಿಸಿಕೊಳ್ಳುವುದಿಲ್ಲ. ಪ್ರೀತಿ ಮೊದಲು ಬರುತ್ತದೆ, ತಿಳಿವಳಿಕೆ ಆಮೇಲೆ. ದೇವರ ಕೃಪೆಯೂ ಹಾಗೆಯೇ. ಉತ್ತರ ಸರಿಯಾಗಿದೆ. ಆದರೆ ಈ ಉತ್ತರ ನಿಂತಿರುವುದು ನಿಮ್ಮ ಮೇಲೆ ಎಂಬುದನ್ನು ಗಮನಿಸಿದ್ದೀರಾ? ಬ್ಯಾಪ್ಟಿಸ್ಟರ ಮನೆಯಲ್ಲಿ ಹುಡುಗ ಬೆಳೆದು ತಾನೇ ಹೇಳುತ್ತಾನೆ. ನಮ್ಮಲ್ಲಿ ಮಗುವಿನ ಪರವಾಗಿ ಹೇಳುವವರು ನೀವು. ಸೈತಾನನನ್ನು ತೊರೆಯುತ್ತೀರಾ ಎಂದು ಗುರುಗಳು ಕೇಳಿದಾಗ ಉತ್ತರ ಕೊಟ್ಟ ಬಾಯಿ ನಿಮ್ಮದು. ಪಾಸ್ಖ ದೀಪದಿಂದ ಹೊತ್ತಿಸಿದ ಮೇಣದಬತ್ತಿ ಸಿಕ್ಕಿದ್ದು ನಿಮ್ಮ ಕೈಗೆ, ಜ್ಞಾನ ತಂದೆತಾಯಿಯರ ಕೈಗೆ.

ಆ ದಿನ ನೆನಪು ಮಾಡಿಕೊಳ್ಳಿ. ಬಿಳಿ ಉಡುಪು ಯಾವ ಅಂಗಡಿಯದೆಂದು ನೆನಪಿದೆ. ಬಿರಿಯಾನಿಗೆ ಉಪ್ಪು ಕಡಿಮೆಯಾದದ್ದು ನೆನಪಿದೆ. ವಿಡಿಯೋದವನು ತಡವಾಗಿ ಬಂದದ್ದು, ಮಾವನ ಕಡೆಯವರಿಗೆ ಮರ್ಯಾದೆ ಸಾಲದೆಂದು ಮುನಿಸಾದದ್ದು ನೆನಪಿದೆ. ಕೊಟ್ಟ ಮಾತು? ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರಾರು, ತಾಯಿಯೋ, ಶಾಲೆಯ ಸಿಸ್ಟರೋ? ಕೊನೆಯ ಬಾರಿ ಮನೆಯವರೆಲ್ಲ ಟಿ.ವಿ. ಆರಿಸಿ, ಮೊಬೈಲು ಬದಿಗಿಟ್ಟು ಒಟ್ಟಾಗಿ ಪ್ರಾರ್ಥಿಸಿದ್ದು ಯಾವಾಗ? ಐದನೆಯ ನೆರೆಯವನು ಬಂದರೆ ಸೆರೆಮನೆ ಎಂಬ ಕಾಲದಲ್ಲಿ ಇಲ್‌ಸ್ಟನ್ನಿನ ಬಡ ರೈತನೂ ಸ್ಕೆರ್ ಮನೆಯ ಯಜಮಾನನೂ ಉಳಿಸಿಕೊಂಡದ್ದನ್ನು ನಾವು ಯಾವ ಕಾನೂನೂ ಇಲ್ಲದೆ ಬಿಟ್ಟುಕೊಡುತ್ತಿದ್ದೇವೆ. 'ಅಪ್ಪಾ, ನನಗೆ ಸ್ನಾನ ಕೊಡಿಸಿದ್ದು ಏಕೆ?' ಎಂದು ಹದಿನೈದು ವರ್ಷದ ಮಗ ಕೇಳಿದರೆ 'ಎಲ್ಲರೂ ಕೊಡಿಸುತ್ತಾರೆ' ಎಂಬುದಕ್ಕಿಂತ ಹೆಚ್ಚಿನದೇನಾದರೂ ನಿಮ್ಮ ಬಳಿ ಇದೆಯೇ? ಇಲ್ಲವಾದರೆ ಆ ಬ್ಯಾಪ್ಟಿಸ್ಟರ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲವೆಂದೇ ಅರ್ಥ.

ಇದು ವೇಲ್ಸಿನ ಇಂದಿನ ಸ್ಥಿತಿಯನ್ನು ನೋಡಿದವರಿಗೆ ಸುಮ್ಮನೆ ಹೆದರಿಸುವ ಮಾತೆನಿಸದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಾಡಿನ ಕಲ್ಲಿದ್ದಲ ಕಣಿವೆಗಳಲ್ಲಿ ಬೀದಿಗೊಂದರಂತೆ ಪ್ರಾರ್ಥನಾಲಯಗಳೆದ್ದವು. ಬ್ಯಾಪ್ಟಿಸ್ಟರದೊಂದು, ಮೆಥಡಿಸ್ಟರದೊಂದು, ಸ್ವತಂತ್ರರದೊಂದು. ಗಣಿಯಲ್ಲಿ ದುಡಿದು ಬಂದವರು ತಮ್ಮ ಸಂಬಳದ ಕಾಸು ಕೂಡಿಸಿ ಕಟ್ಟಿದವು. ಕಟ್ಟಡದೊಳಗೆ ಹಾಡಿದರೆ ಬೀದಿಯಲ್ಲಿ ಜನ ನಿಂತು ಕೇಳುತ್ತಿದ್ದರು. 1904ರಲ್ಲಿ ಅಲ್ಲಿ ಎದ್ದ ಮಹಾ ಜಾಗೃತಿಯ ಅಲೆ ಮರುವರ್ಷ ನಮ್ಮ ದೇಶದ ಖಾಸಿ ಬೆಟ್ಟಗಳವರೆಗೂ ಬಂತು. ಇಂದು ಅವುಗಳಲ್ಲಿ ಎಷ್ಟೋ ಮನೆಗಳಾಗಿವೆ, ಗೋದಾಮುಗಳಾಗಿವೆ, ಕೆಲವು ನೆಲಸಮವಾಗಿವೆ. 2021ರ ಜನಗಣತಿಯಲ್ಲಿ ವೇಲ್ಸಿನ ಜನರಲ್ಲಿ ನೂರಕ್ಕೆ 46.5ರಷ್ಟು ತಮಗೆ ಯಾವ ಧರ್ಮವೂ ಇಲ್ಲವೆಂದರು. ಕ್ರೈಸ್ತರೆಂದವರು 43.6. ನಮ್ಮ ಕಥೋಲಿಕರೂ ಹೊರತಲ್ಲ. ಕಾರ್ಡಿಫ್ ಮಹಾಧರ್ಮಕ್ಷೇತ್ರವನ್ನೂ ಸ್ವಾನ್ಸಿಯನ್ನು ಒಳಗೊಂಡ ಮಿನೇವಿಯ ಧರ್ಮಕ್ಷೇತ್ರವನ್ನೂ 2024ರಲ್ಲಿ ಒಂದು ಮಾಡಲಾಯಿತು.

ಆ ಪ್ರಾರ್ಥನಾಲಯಗಳಿಗೆ ಬೀಗ ಹಾಕಿಸಿದವರು ಯಾರು? ಈ ಸಲ ಅರಸನಲ್ಲ, ಪಾರ್ಲಿಮೆಂಟಲ್ಲ, ಪೇದೆಯಲ್ಲ.

ಒಂದು ಸಮಾಧಾನದ ಮಾತೂ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಐಕ್ಯದ ಆಜ್ಞಾಪತ್ರದ ನಂತರ ನಾವು ಬ್ಯಾಪ್ಟಿಸ್ಟರನ್ನು ಬೇರ್ಪಟ್ಟ ಸಹೋದರರೆಂದು ಕಾಣುತ್ತೇವೆ. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಕೊಟ್ಟ ಅವರ ಸ್ನಾನ ನಮಗೆ ನಿಜವಾದ ಸ್ನಾನ. ಅವರಲ್ಲೊಬ್ಬರು ಧರ್ಮಸಭೆಗೆ ಸೇರಿದರೆ ಮತ್ತೆ ನೀರು ಹೊಯ್ಯುವುದಿಲ್ಲ. ನಮ್ಮವರ ಶಿಶುಸ್ನಾನಕ್ಕೆ ಅವರು ಅದೇ ಗೌರವವನ್ನು ಮರಳಿ ಕೊಡಲಾರರು, ಅದು ಅವರ ಮನಸ್ಸಾಕ್ಷಿ. ಕೊಟ್ಟದ್ದಕ್ಕೆ ಲೆಕ್ಕವಿಟ್ಟು ಅಷ್ಟೇ ವಾಪಸು ಕೇಳುವುದು ಮದುವೆಯ ಮುಯ್ಯಿಯಲ್ಲಿ ನಡೆದೀತು, ಪ್ರಭುವಿನ ಅಂಗಳದಲ್ಲಿ ನಡೆಯದು.

1928ರಲ್ಲಿ ಇಲ್‌ಸ್ಟನ್ ಕಣಿವೆಯ ಆ ಪಾಳುಗೋಡೆಗಳ ನಡುವೆ ಸ್ಮಾರಕವನ್ನು ಅನಾವರಣ ಮಾಡಿದವರು ಬ್ರಿಟನ್ನಿನ ಮಾಜಿ ಪ್ರಧಾನಿ ಡೇವಿಡ್ ಲಾಯ್ಡ್ ಜಾರ್ಜ್. ತಂದೆಯಿಲ್ಲದ ಅವರನ್ನು ಸಾಕಿದ ಸೋದರಮಾವ ಚಪ್ಪಲಿ ಹೊಲಿಯುವ ಕಸುಬಿನವರು, ಬ್ಯಾಪ್ಟಿಸ್ಟ್ ಮೂಲದ ಒಂದು ಸಣ್ಣ ಸಭೆಗೆ ಸಂಬಳವಿಲ್ಲದ ಬೋಧಕರು. ಅದೇ ಫಲಕದ ಮೇಲೆ ಬ್ಯಾಪ್ಟಿಸ್ಟರು ತಮಗಿಂತ ಹಿಂದಿನ ಕಥೋಲಿಕ ಪ್ರಾರ್ಥನಾಲಯದ ಹೆಸರನ್ನೂ ಮರೆಯದೆ ಬರೆಸಿದ್ದಾರೆ. ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದು. ಇದಕ್ಕಾಗಿ ನಾನು ಅವರಿಗೆ ಕೃತಜ್ಞ.

ಇಲ್‌ಸ್ಟನ್ ಪುಸ್ತಕ ಈಗ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 1996ರಲ್ಲಿ ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯ ಅದನ್ನು ಅಚ್ಚು ಮಾಡಿಸಿತು. ಹೀಗೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆ 260 ಹೆಸರುಗಳು ಊರಿಗೆ ಮರಳಿದವು. ಮೈಲ್ಸ್ ಕಟ್ಟಿದ ಸಭೆ ಮ್ಯಾಸಚೂಸೆಟ್ಸಿನ ಸ್ವಾನ್ಸಿಯಲ್ಲಿ ಇಂದಿಗೂ ಭಾನುವಾರ ಕೂಡುತ್ತದೆ. ಆ ರಾಜ್ಯದ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಅದೇ ಹಿರಿಯದು. ಇತ್ತ ಗವರಿನಲ್ಲಿ ಹಳ್ಳದ ಬದಿಯ ಕಾಲುದಾರಿ ತೆರೆದೇ ಇದೆ. ನಿಮ್ಮ ಮಗನೋ ಮಗಳೋ ಆ ಕಡೆ ಕೆಲಸಕ್ಕೋ ಓದಿಗೋ ಹೋಗಿದ್ದರೆ ಒಂದು ಮಧ್ಯಾಹ್ನ ಪಾರ್ಕ್‌ಮಿಲ್ಲಿನಿಂದ ಹಳ್ಳದ ಗುಂಟ ಮೇಲಕ್ಕೆ ನಡೆದು ಹೋಗಲು ಹೇಳಿ. ಗೋಡೆಗಳ ನಡುವೆ ನಿಂತು ಅವರು ಶಿಲುಬೆಯ ಗುರುತು ಹಾಕಿದರೆ, ಆ ಒರತೆಗೆ ಹೆಸರು ಕೊಟ್ಟ ತ್ರಿತ್ವದ ಹೆಸರು ಅಲ್ಲಿ ಇನ್ನೊಮ್ಮೆ ಕೇಳಿಸೀತು.